ವೈದ್ಯವಿದ್ಯೆಗೆ ಹೊರಟ ಮಗುವೂ ಕುಂದಿದ ಅಂಕಪಟ್ಟಿಯೂ

ವೈದ್ಯರಾಗಬೇಕೆಂಬ ಆಸೆಯು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಮಗುವಿನ ಮನಸ್ಸಿಗಿಂತ ಮೊದಲು ಹಿರಿಯರ ಮನಸ್ಸಿನಲ್ಲಿ ಹುಟ್ಟುತ್ತದೆ. ತೊಟ್ಟಿಲಲ್ಲಿರುವ ಕೂಸನ್ನು ಅಜ್ಜಿಯು "ನಮ್ಮ ಡಾಕ್ಟರಮ್ಮ" ಎಂದು ಕರೆದು ಮುದ್ದಿಸುತ್ತಾಳೆ. ಹದಿನೇಳು ಹದಿನೆಂಟು ವರ್ಷಗಳು ಕಳೆದು, ಪಿ.ಯು.ಸಿ. ಎರಡನೆಯ ವರ್ಷದ ಅಂಕಪಟ್ಟಿಯೂ ನೀಟ್ ಪರೀಕ್ಷೆಯ ಫಲಿತಾಂಶವೂ ಕೈಗೆ ಬಂದು, ಎರಡೂ ಕುಂದಿದ್ದರೆ, ಆ ದಿನ ಆ ಮನೆಯಲ್ಲಿ ನಡೆಯುವುದನ್ನು ವಾಚಕರಲ್ಲಿ ಅನೇಕರು ಕಂಡೇ ಇರುವರು. ತಂದೆಯು ಮಾತನಾಡುವುದಿಲ್ಲ, ತಾಯಿಯು ಅಡಿಗೆಮನೆಯಿಂದ ಹೊರಗೆ ಬರುವುದಿಲ್ಲ, ಮಗು ಕೋಣೆಯ ಬಾಗಿಲು ಹಾಕಿಕೊಳ್ಳುತ್ತದೆ, ನೆಂಟರು ಮಾತ್ರ ಒಬ್ಬರಾದ ಮೇಲೊಬ್ಬರು ಫೋನಿನಲ್ಲಿ ವಿಚಾರಿಸುತ್ತಲೇ ಇರುತ್ತಾರೆ. ಇಂತಹ ಮನೆಯವರಿಗೆ ಉಪಯೋಗವಾದೀತೆಂದು ನಮಗೆ ತೋರಿದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

2024ನೆಯ ಇಸವಿಯ ಆಷಾಢಮಾಸದ ಒಂದು ಸಂಜೆ ತಿಪಟೂರಿನ ಕಡೆಯ ರೈತರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕುಳಿತವರು ನೀರು ಕುಡಿದು, ನಾಲ್ಕು ಮಡಿಕೆಯಾಗಿ ಮಡಿಸಿದ ಎರಡು ಕಾಗದಗಳನ್ನು ಜೇಬಿನಿಂದ ತೆಗೆದು ಮುಂದಿಟ್ಟರು.

"ಮೇಷ್ಟ್ರೇ, ಇವಳನ್ನು ಒಂದು ವರ್ಷ ಲಾಂಗ್ ಟರ್ಮಿಗೆ ಹಾಕಬೇಕೆಂದಿದ್ದೇನೆ. ಊಟ ವಸತಿ ಎಲ್ಲ ಸೇರಿ ಎರಡು ಲಕ್ಷದ ಮೇಲಾಗುತ್ತದಂತೆ. ತೋಟದ ಮೇಲೆ ಸಾಲ ಎತ್ತುತ್ತೇನೆ. ತಾವು ಒಂದು ಮಾತು ಹೇಳಿಬಿಡಿ" ಎಂದರು.

ಲಾಂಗ್ ಟರ್ಮ್ ಎಂದರೆ, ಪಿ.ಯು.ಸಿ. ಮುಗಿದ ಮೇಲೆ ಬೇರೆ ಯಾವ ಕಾಲೇಜಿಗೂ ಸೇರದೆ ಒಂದು ವರ್ಷವನ್ನು ನೀಟಿಗಾಗಿಯೇ ಮೀಸಲಿಟ್ಟು ತರಬೇತಿ ಪಡೆಯುವುದು. ಹುಡುಗಿಯು ಕಂಬದ ಪಕ್ಕದಲ್ಲಿ ತಲೆ ಬಗ್ಗಿಸಿ ಕುಳಿತಿದ್ದಳು. ಸಾಲದ ಮಾತು ಬಂದಾಗ ಇನ್ನಷ್ಟು ಬಗ್ಗಿಸಿದಳು. ನಾವು ಆ ರೈತರನ್ನು ಒಂದೇ ಪ್ರಶ್ನೆ ಕೇಳಿದೆವು: "ಈ ಕಾಗದಗಳನ್ನು ಯಾರಾದರೂ ಓದಿದ್ದೀರಾ?" ಅವರಿಗೆ ಈ ಪ್ರಶ್ನೆಯು ವಿಚಿತ್ರವಾಗಿ ತೋರಿತು. "ಓದುವುದೇನು ಮೇಷ್ಟ್ರೇ, ಪಿ.ಯು.ಸಿ.ಯಲ್ಲಿ ಅರುವತ್ತು, ನೀಟಿನಲ್ಲಿ ಇನ್ನೂರ ಹದಿನಾಲ್ಕು" ಎಂದರು.

ಬಹುಮಂದಿ ಇಷ್ಟನ್ನೇ ಓದುತ್ತಾರೆ. ಮೈ ಬಿಸಿಯಾಗಿದೆ ಎಂದಮಾತ್ರಕ್ಕೆ ಯಾವ ಒಳ್ಳೆಯ ವೈದ್ಯನೂ ಮದ್ದು ಕೊಡುವುದಿಲ್ಲವಷ್ಟೆ. ಜ್ವರವು ಎಲ್ಲಿಂದ ಬಂದಿತೆಂದು ಹುಡುಕುತ್ತಾನೆ. ವೈದ್ಯರಾಗಬೇಕೆಂದು ಹಂಬಲಿಸುವ ಮನೆಯವರೇ ಅಂಕಪಟ್ಟಿಯ ವಿಷಯದಲ್ಲಿ ಈ ಕ್ರಮವನ್ನು ಮರೆಯುವುದು ನಮಗೆ ಆಶ್ಚರ್ಯವನ್ನುಂಟುಮಾಡುತ್ತದೆ. ಆ ಸಂಜೆ ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು.

ಪಿ.ಯು.ಸಿ.ಯಲ್ಲಿ ವಿಜ್ಞಾನದ ಒಂದೊಂದು ವಿಷಯಕ್ಕೂ ಬರವಣಿಗೆಯ ಪರೀಕ್ಷೆಗೆ 70 ಅಂಕ, ಪ್ರಯೋಗಕ್ಕೆ 30 ಅಂಕ. ಪ್ರಯೋಗದಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಧಾರಾಳವಾಗಿಯೇ ಅಂಕ ಬರುತ್ತದೆ. ಈ ಹುಡುಗಿಗೆ ಭೌತಶಾಸ್ತ್ರದಲ್ಲಿ ಒಟ್ಟು 49. ಅದರಲ್ಲಿ ಪ್ರಯೋಗದ್ದೇ 29. ಎಂದರೆ ಬರೆದು ಗಳಿಸಿದ್ದು ಎಪ್ಪತ್ತಕ್ಕೆ ಕೇವಲ 20. ರಸಾಯನಶಾಸ್ತ್ರದಲ್ಲಿ 57, ಬರೆದದ್ದು 28. ಜೀವಶಾಸ್ತ್ರದಲ್ಲಿ 74, ಬರೆದದ್ದು 44. ಮೂರೂ ಕೂಡಿ ಮುನ್ನೂರಕ್ಕೆ 180 ಆದುದರಿಂದ ಶೇಕಡ 60 ಎಂಬ ಸಂಖ್ಯೆಯು ಸುಳ್ಳಲ್ಲ. ಆದರೆ ಭೌತಶಾಸ್ತ್ರದ ನೆಲಗಟ್ಟೇ ಕುಸಿದಿರುವುದನ್ನು ಅದು ಮುಚ್ಚಿಟ್ಟಿತ್ತು.

ಇನ್ನು ನೀಟ್. ಆ ಪರೀಕ್ಷೆಗೆ ಒಟ್ಟು 720 ಅಂಕ. ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180, ಜೀವಶಾಸ್ತ್ರಕ್ಕೆ ಉಳಿದರ್ಧವಾದ 360. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ, ಬಿಟ್ಟರೆ ಸೊನ್ನೆ. ಪರೀಕ್ಷೆ ನಡೆಸುವವರು ಮಗು ಗುರುತು ಹಾಕಿದ ಉತ್ತರಪತ್ರಿಕೆಯ ಪ್ರತಿಯನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಅಂತರಜಾಲದಲ್ಲಿ ಒದಗಿಸುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಮನೆಗಳು ಎಷ್ಟಿದ್ದಾವು? ನಾವು ನೋಡಿದಾಗ ಹೀಗಿತ್ತು: ಜೀವಶಾಸ್ತ್ರದಲ್ಲಿ 55 ಸರಿ, 33 ತಪ್ಪು, ಅಂಕ 187. ರಸಾಯನಶಾಸ್ತ್ರದಲ್ಲಿ 15 ಸರಿ, 25 ತಪ್ಪು, ಅಂಕ 35. ಭೌತಶಾಸ್ತ್ರದಲ್ಲಿ 38 ಪ್ರಶ್ನೆಗಳಿಗೆ ಉತ್ತರ ಕೊಟ್ಟು 6 ಮಾತ್ರ ಸರಿಯಾಗಿ, ಸೊನ್ನೆಗಿಂತಲೂ ಕೆಳಗೆ ಎಂಟು ಅಂಕ.

ಇಲ್ಲಿ ನಾವು ತಡೆದೆವು. ಒಂದು ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ. ಏನನ್ನೂ ಓದದವನು ಕಣ್ಣು ಮುಚ್ಚಿ ಗುರುತು ಹಾಕಿದರೂ ಮೂವತ್ತೆಂಟರಲ್ಲಿ ಒಂಬತ್ತೋ ಹತ್ತೋ ಸರಿಯಾಗುವ ಸಂಭವವುಂಟು. ಎರಡು ವರ್ಷ ಓದಿದ ಹುಡುಗಿಗೆ ಆರೇ ಏಕೆ ಸರಿಯಾಯಿತು? ಇವಳಿಗೆ ವಿಷಯವು ತಿಳಿಯದೆ ಇರುವುದಕ್ಕಿಂತ, ಪ್ರಶ್ನೆಯೇ ಬೇರೆಯಾಗಿ ಕಾಣುತ್ತಿದೆಯೋ ಏನೋ ಎಂಬ ಸಂಶಯವು ಹುಟ್ಟಿತು.

"ಏನಮ್ಮ, ನಿಮ್ಮ ತೋಟದ ಇಪ್ಪತ್ತು ಮೀಟರು ಎತ್ತರದ ಮರದಿಂದ ಒಂದು ತೆಂಗಿನಕಾಯಿ ಬಿದ್ದರೆ ನೆಲ ಮುಟ್ಟಲು ಎಷ್ಟು ಹೊತ್ತು? ಗುರುತ್ವದ ವೇಗೋತ್ಕರ್ಷ ಹತ್ತು ಎಂದಿಟ್ಟುಕೋ" ಎಂದು ಕೇಳಿದೆವು.

ಹುಡುಗಿಯು ತಲೆಯೆತ್ತಿದಳು. ತುಟಿಯೊಳಗೇ ಏನೋ ಎಣಿಸಿ, "ಎರಡು ಸೆಕೆಂಡು ಸಾರ್" ಎಂದಳು. ಮುಟ್ಟುವಾಗ ವೇಗವೆಷ್ಟು ಎಂದುದಕ್ಕೆ "ಸೆಕೆಂಡಿಗೆ ಇಪ್ಪತ್ತು ಮೀಟರು" ಎಂದು ತಡವಿಲ್ಲದೆ ಹೇಳಿದಳು. ಅದೇ ಲೆಕ್ಕವನ್ನು, ಅಂಕಿಗಳನ್ನು ಸ್ವಲ್ಪ ಬದಲಿಸಿ, ಇಂಗ್ಲಿಷಿನಲ್ಲಿ ಬರೆದುಕೊಟ್ಟೆವು. ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದು, "ಇದು ಯಾವ ಫಾರ್ಮುಲಾ ಅಂತ ಗೊತ್ತಾಗಲಿಲ್ಲ ಸಾರ್" ಎಂದಳು.

ಹತ್ತನೆಯ ತರಗತಿಯವರೆಗೆ ಅವಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿಯೇ ಓದಿ ಶಾಲೆಗೆ ಮೊದಲಿಗಳಾಗಿದ್ದಳು. ಪಿ.ಯು.ಸಿ.ಗೆ ಬಂದೊಡನೆ ವೇಗೋತ್ಕರ್ಷವು ಆಕ್ಸಿಲರೇಶನ್ ಆಯಿತು, ಸಂವೇಗವು ಮೊಮೆಂಟಮ್ ಆಯಿತು, ಜಡತ್ವವು ಇನರ್ಷಿಯಾ ಆಯಿತು, ದ್ಯುತಿಸಂಶ್ಲೇಷಣೆಯು ಫೋಟೋಸಿಂಥೆಸಿಸ್ ಆಯಿತು. ಹಳೆಯ ಗೆಳತಿಯರೇ ಹೊಸ ವೇಷದಲ್ಲಿ ಬಂದರೂ ಪರಿಚಯ ಮಾಡಿಕೊಟ್ಟವರು ಯಾರೂ ಇರಲಿಲ್ಲ. ಜೀವಶಾಸ್ತ್ರವನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದಳು. ಬಾಯಿಪಾಠಕ್ಕೆ ಬಗ್ಗದ ಭೌತಶಾಸ್ತ್ರವು ಅವಳನ್ನು ಕೈಬಿಟ್ಟಿತು. ನಮ್ಮ ನಾಡಿನಲ್ಲಿ ಇಂತಹ ಮಕ್ಕಳು ಒಬ್ಬಿಬ್ಬರಲ್ಲ. ಇವರನ್ನು ದಡ್ಡರೆನ್ನುವುದು ಅನ್ಯಾಯ. ಅವರೇ ತಮ್ಮನ್ನು ದಡ್ಡರೆಂದು ನಂಬಿಕೊಳ್ಳುವುದು ಅದಕ್ಕಿಂತ ದೊಡ್ಡ ಅನ್ಯಾಯ.

ತಂದೆಯು ಆವರೆಗೆ ಸುಮ್ಮನಿದ್ದವರು, "ಹಾಗಾದರೆ ಇವಳಿಗೆ ಬರುತ್ತದೆಯೇ ಮೇಷ್ಟ್ರೇ?" ಎಂದರು. ಅವರ ಕಣ್ಣುಗಳು ಒದ್ದೆಯಾಗಿದ್ದುವು.

ತರಬೇತಿಯ ಕೇಂದ್ರಗಳೆಲ್ಲ ಕೆಟ್ಟವೆಂದು ನಾವು ಹೇಳುವವರಲ್ಲ. ತಳಪಾಯವು ಗಟ್ಟಿಯಾಗಿದ್ದು, ವೇಗವೂ ಅಭ್ಯಾಸವೂ ಮಾತ್ರ ಸಾಲದೆ ಇರುವ ಮಗುವಿಗೆ ಅವುಗಳಿಂದ ಪ್ರಯೋಜನವುಂಟು. ಆದರೆ ನೂರಾರು ಮಕ್ಕಳ ನಡುವೆ ಅದೇ ಇಂಗ್ಲಿಷಿನಲ್ಲಿ ಅದೇ ಪಾಠವನ್ನು ಇನ್ನೂ ಬೇಗ ಬೇಗ ಕೇಳಿದರೆ ಈ ಹುಡುಗಿಯ ರೋಗವು ಉಲ್ಬಣಿಸುವುದೇ ಹೊರತು ಶಮನವಾಗದು. ತೋಟವನ್ನು ಸಾಲಕ್ಕೆ ಒಡ್ಡುವ ಮೊದಲು ನಾಲ್ಕು ತಿಂಗಳು ಮನೆಯಲ್ಲಿಯೇ ನೋಡೋಣ, ಹತ್ತಿರದ ಊರಿನ ಭೌತಶಾಸ್ತ್ರದ ಉಪಾಧ್ಯಾಯರೊಬ್ಬರ ಬಳಿಗೆ ವಾರಕ್ಕೆ ಮೂರು ದಿನ ಹೋಗಿಬರಲಿ, ಎಂದು ಹೇಳಿದೆವು.

ಅವಳು ಮೊದಲು ಮಾಡಿದ ಕೆಲಸವೆಂದರೆ ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಕೊಂಡು ಪುಟದ ನಡುವೆ ಗೆರೆ ಎಳೆದುದು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ, ಕೆಳಗೆ ತನ್ನ ಮಾತಿನಲ್ಲಿ ಒಂದು ಸಾಲಿನ ಅರ್ಥ. ಎರಡನೆಯದಾಗಿ, ಪಿ.ಯು.ಸಿ. ಮೊದಲನೆಯ ವರ್ಷದ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದಳು. ಮಕ್ಕಳ ಅಂಕ ಕುಂದುವುದಕ್ಕೆ ಇದೊಂದು ದೊಡ್ಡ ಕಾರಣವೆಂದು ನಾವು ಒತ್ತಿ ಹೇಳಬೇಕು. ನೀಟಿಗೆ ಎರಡೂ ವರ್ಷಗಳ ಪಾಠವು ಬೇಕು. ಮೊದಲನೆಯ ವರ್ಷವನ್ನು ವಿಶ್ರಾಂತಿಯ ವರ್ಷವೆಂದು ಕಳೆದವರು ಅರ್ಧ ರಾಜ್ಯವನ್ನು ಯುದ್ಧಕ್ಕೆ ಮೊದಲೇ ಬಿಟ್ಟುಕೊಟ್ಟಂತೆ. ಕರ್ನಾಟಕದ ಪಿ.ಯು.ಸಿ. ವಿಜ್ಞಾನದ ಪಠ್ಯವು ಎನ್.ಸಿ.ಇ.ಆರ್.ಟಿ. ಪುಸ್ತಕಗಳನ್ನೇ ಅನುಸರಿಸಿರುವುದರಿಂದ ಬೇರೆ ದಪ್ಪ ಗ್ರಂಥಗಳ ರಾಶಿಯನ್ನು ಕೊಳ್ಳುವ ಅಗತ್ಯವಿಲ್ಲ. ಜೀವಶಾಸ್ತ್ರಕ್ಕಂತೂ ಆ ಪುಸ್ತಕವನ್ನು ಚಿತ್ರದ ಕೆಳಗಿನ ಅಕ್ಷರವನ್ನೂ ಬಿಡದೆ ಓದಿದರೆ ಬಹುಪಾಲು ಸಾಕು. 2024ರ ಪರೀಕ್ಷೆಯಿಂದ ಪಠ್ಯಭಾಗವನ್ನು ಸ್ವಲ್ಪ ಕಡಮೆ ಮಾಡಿರುವುದರಿಂದ, ಹಳೆಯ ಪಟ್ಟಿಯನ್ನು ಹಿಡಿದು ಕೈಬಿಟ್ಟ ಪಾಠಗಳಿಗೆ ದಿನಗಳನ್ನು ಸುರಿಯಬಾರದು.

ವಾರಕ್ಕೊಮ್ಮೆ ಹಳೆಯ ಪ್ರಶ್ನಪತ್ರಿಕೆಯನ್ನು ಗಡಿಯಾರವಿಟ್ಟು ಬರೆಯುವುದು, ಮಾರನೆಯ ದಿನ ತಪ್ಪುಗಳನ್ನು ವಿಂಗಡಿಸುವುದು. ತಿಳಿಯದೆ ತಪ್ಪಿದ್ದು ಬೇರೆ, ಪ್ರಶ್ನೆಯನ್ನು ತಪ್ಪಾಗಿ ಓದಿದ್ದು ಬೇರೆ, ತಿಳಿದೂ ಅವಸರದಲ್ಲಿ ಕೆಡಿಸಿದ್ದು ಬೇರೆ. ಮೂರಕ್ಕೂ ಮದ್ದು ಒಂದೇ ಅಲ್ಲ. ಈ ಹುಡುಗಿಯ ತಪ್ಪುಗಳಲ್ಲಿ ಮೊದಮೊದಲು ಎರಡನೆಯ ಬಗೆಯವೇ ಹೆಚ್ಚಾಗಿದ್ದು, ದೀಪಾವಳಿಯ ಹೊತ್ತಿಗೆ ಅವು ಕಡಮೆಯಾದುವು. ಆಗ ಮೊದಲನೆಯ ಬಗೆಯವು ನಿಚ್ಚಳವಾಗಿ ಕಂಡುವು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಹುಡುಗನು ಮನೆಯಲ್ಲಿ ಕುಳಿತು ಓದಿದರೆ ಅದು ಓದು. ಹುಡುಗಿಯು ಮನೆಯಲ್ಲಿ ಕುಳಿತು ಓದಿದರೆ "ಹೇಗೂ ಮನೆಯಲ್ಲಿದ್ದಾಳೆ" ಎಂದು ಒಲೆಯ ಮೇಲಿನ ಹಾಲನ್ನೂ, ಅಂಗಳದ ಹಪ್ಪಳವನ್ನೂ, ತಮ್ಮನ ಲೆಕ್ಕವನ್ನೂ ಅವಳಿಗೆ ಒಪ್ಪಿಸುತ್ತೇವೆ. ಒಂದೊಂದೂ ಐದು ನಿಮಿಷದ ಕೆಲಸವೇ. ಆದರೆ ಭೌತಶಾಸ್ತ್ರದ ಒಂದು ಲೆಕ್ಕದ ನಡುವೆ ಎದ್ದುಹೋದ ಮನಸ್ಸು ಐದು ನಿಮಿಷದಲ್ಲಿ ಮರಳುವುದಿಲ್ಲ. ಈ ಮನೆಯ ತಾಯಿಯು ಓದುಬರಹ ಹೆಚ್ಚಾಗಿ ಅರಿಯದವರಾದರೂ ಇದನ್ನು ನಮಗಿಂತ ಮೊದಲೇ ಕಂಡುಕೊಂಡು, ಬೆಳಗ್ಗೆ ಐದರಿಂದ ಹತ್ತರವರೆಗೆ ಅವಳನ್ನು ಯಾರೂ ಕರೆಯಕೂಡದೆಂದು ಕಟ್ಟುಮಾಡಿದರು. ತಂದೆಯ ಎರಡು ಲಕ್ಷಕ್ಕಿಂತ ಇದು ದೊಡ್ಡ ಕಾಣಿಕೆಯೆಂದು ನಮ್ಮ ಅಭಿಪ್ರಾಯ.

ಅರ್ಜಿಯ ವಿಷಯಕ್ಕೆ ಬರೋಣ. ಪಿ.ಯು.ಸಿ. ಅಂಕಗಳೇ ತೀರ ಕಡಮೆಯಿರುವ ಮಕ್ಕಳಿಗೆ ವರ್ಷವೆಲ್ಲ ಕಾಯಬೇಕಾದ ಕಾಲವು ಈಗಿಲ್ಲ. 2024ರಿಂದ ಪಿ.ಯು.ಸಿ. ಎರಡನೆಯ ವರ್ಷಕ್ಕೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಒಂದು ವಿಷಯವನ್ನು ಮತ್ತೆ ಬರೆದರೆ ಹೆಚ್ಚಿನ ಅಂಕವೇ ಉಳಿಯುವ ವ್ಯವಸ್ಥೆಯುಂಟು. ಭೌತ, ರಸಾಯನ, ಜೀವಶಾಸ್ತ್ರಗಳು ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇಕಡ 50, ಮೀಸಲು ವರ್ಗಗಳವರಿಗೆ ಶೇಕಡ 40 ಇರಬೇಕೆಂಬುದು 1997ರ ನಿಯಮಾವಳಿಯ ಕಾಲದಿಂದ ಬಂದ ಅಳತೆ. ಆದರೂ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಬೇಕು. ಆ ಗಡಿಯನ್ನು ದಾಟಿದ ಮೇಲೆ ಸೀಟನ್ನು ನಿರ್ಧರಿಸುವುದು ನೀಟ್ ಅಂಕವೇ. ಆದಕಾರಣ ಅರುವತ್ತನ್ನು ಎಪ್ಪತ್ತೈದು ಮಾಡಲು ಪಿ.ಯು.ಸಿ.ಯನ್ನು ಮತ್ತೆ ಬರೆಯುವ ಶ್ರಮವು ವೈದ್ಯಕೀಯ ಪ್ರವೇಶದ ಮಟ್ಟಿಗೆ ವ್ಯರ್ಥ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5ರ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇಕಡ 15ರ ಮೀಸಲಾತಿಯು ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಉಂಟು. ಇದನ್ನು ಅರ್ಜಿಯಲ್ಲಿಯೇ ಕೇಳಿಕೊಂಡು ಪ್ರಮಾಣಪತ್ರವನ್ನು ಒದಗಿಸಬೇಕು. ಈ ಹುಡುಗಿಯು ಹಿಂದಿನ ವರ್ಷ ಕೇಳಿಯೇ ಇರಲಿಲ್ಲ!

ಪ್ರಶ್ನಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಬಹುದು. ಕನ್ನಡವನ್ನು ಆರಿಸಿಕೊಂಡವರಿಗೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪುಸ್ತಿಕೆಯು ಕರ್ನಾಟಕದ ಕೇಂದ್ರಗಳಲ್ಲಿ ದೊರೆಯುತ್ತದೆ. ಎರಡಕ್ಕೂ ವ್ಯತ್ಯಾಸ ಬಂದಲ್ಲಿ ಇಂಗ್ಲಿಷಿನದೇ ಪ್ರಮಾಣ. ಇಂಗ್ಲಿಷ್ ಪದಗಳ ಪರಿಚಯವೂ ಇದ್ದು, ವಾಕ್ಯದ ತಿರುವು ತಿಳಿಯದಾದಾಗ ಪಕ್ಕದಲ್ಲಿ ಕನ್ನಡವೂ ಕಾಣುವಂತಿದ್ದರೆ ಅಂತಹ ಮಗುವಿಗೆ ಎಷ್ಟು ಧೈರ್ಯ!

"ಅರ್ಹತೆ" ಎಂಬ ಮಾತಿನಿಂದಲೂ ಮನೆಗಳು ಮೋಸಹೋಗುತ್ತವೆ. 2024ರಲ್ಲಿ ಸಾಮಾನ್ಯ ವರ್ಗದವರಿಗೆ 162 ಅಂಕ ಬಂದರೆ ಅರ್ಹತೆ. ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಮೇಲ್ಪಟ್ಟು, ಅರ್ಹರಾದವರು 13 ಲಕ್ಷಕ್ಕೂ ಮೇಲ್ಪಟ್ಟು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷವನ್ನು ಸ್ವಲ್ಪ ಮೀರಿದ್ದುವು, ಅಷ್ಟೆ. ಹೀಗಿರಲು 214 ಅಂಕದ ಮಗುವಿನ ತಂದೆಗೆ "ಅರ್ಹತೆ ಬಂದಿದೆ, ಸೀಟು ಕೊಡಿಸುತ್ತೇವೆ" ಎಂದು ಫೋನು ಮಾಡುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ನಿಗದಿಯಾದ ಶುಲ್ಕಕ್ಕಿಂತ ಹೆಚ್ಚಾಗಿ ಹಣ ಪಡೆಯುವುದನ್ನು ಕರ್ನಾಟಕವು 1984ರ ಕಾಯಿದೆಯಿಂದಲೇ ನಿಷೇಧಿಸಿದೆ. ಅಂತಹ ಫೋನನ್ನು ಕೆಳಗಿಡುವುದೇ ಲೇಸು.

ಸೋತವರು ಮತ್ತೆ ಬರೆಯುವುದು ನಾಚಿಕೆಯ ಸಂಗತಿಯೇ? ನೆರೆಯ ತಮಿಳುನಾಡಿನಲ್ಲಿ ನ್ಯಾಯಮೂರ್ತಿ ಎ. ಕೆ. ರಾಜನ್ ಅವರ ಸಮಿತಿಯು 2021ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಮರಳಿ ಬರೆದವರು 2015-16ರಲ್ಲಿ ನೂರಕ್ಕೆ 12ರಷ್ಟಿದ್ದು 2020-21ರ ವೇಳೆಗೆ 71ರಷ್ಟಾಗಿದ್ದರು. ಮರಳಿ ಬರೆಯುವುದೇ ಈಗ ಹೆದ್ದಾರಿಯಾಗಿದೆ. ಇದು ಮೊದಲ ಸಲದ ಬಡಮಕ್ಕಳಿಗೆ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ನ್ಯಾಯವಲ್ಲವೆಂದೇ ನಾವು ಎಣಿಸುತ್ತೇವೆ.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯಲ್ಲಾಪ್ರಗಡ ಸುಬ್ಬಾರಾವ್ ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದುದು ಮೂರನೆಯ ಸಲಕ್ಕೆ. ಕಾಲೇಜಿನಲ್ಲಿ ಖಾದಿಯುಟ್ಟ ಕಾರಣ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಎಂ.ಬಿ.ಬಿ.ಎಸ್. ಬದಲು ಕೆಳಗಿನ ಎಲ್.ಎಂ.ಎಸ್. ಪದವಿಯನ್ನೇ ಪಡೆಯಬೇಕಾಯಿತು. ಬಳಿಕ ಅಮೆರಿಕೆಗೆ ಹೋದರು. ಅವರ ಸೋದರರನ್ನು ಬಲಿತೆಗೆದುಕೊಂಡ ಸ್ಪ್ರೂ ಎಂಬ ಉದರರೋಗಕ್ಕೆ ಉಪಯುಕ್ತವಾದ ಫೋಲಿಕ್ ಆಮ್ಲವನ್ನು ತಯಾರಿಸುವ ಮಾರ್ಗವು ಅವರ ನೇತೃತ್ವದಲ್ಲಿ ಸಿದ್ಧಿಸಿತು, 1948ರಲ್ಲಿ ತೀರಿಕೊಂಡರು. ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಮಗೆ ಸ್ವಲ್ಪ ಅಂಜಿಕೆಯೂ ಉಂಟು. ಮೂರು ಸಲ ಬರೆದವರೆಲ್ಲರೂ ಸುಬ್ಬಾರಾಯರಾಗುವುದಿಲ್ಲ. ಹಾಗೆಂದು ನಂಬಿಸಿ ನಾಲ್ಕನೆಯ, ಐದನೆಯ ವರ್ಷವನ್ನೂ ಹೊರಿಸುವ ತಂದೆತಾಯಿಗಳುಂಟು.

2022ರಿಂದ ನೀಟಿಗೆ ಗರಿಷ್ಠ ವಯಸ್ಸಿನ ಮಿತಿಯನ್ನು ತೆಗೆದುಹಾಕಲಾಯಿತು. ಇಷ್ಟೇ ಸಲವೆಂಬ ಕಟ್ಟೂ ಇಲ್ಲ. ಇದು ವರವೂ ಹೌದು, ಬಲೆಯೂ ಹೌದು. ಬಾಗಿಲು ಮುಚ್ಚದ ಮನೆಯಲ್ಲಿ ಯಾವಾಗ ಏಳಬೇಕೆಂದು ಅತಿಥಿಗೆ ತಿಳಿಯದಂತೆ. ಆದುದರಿಂದ ವರ್ಷವು ಆರಂಭವಾಗುವ ಮೊದಲೇ, ಮನಸ್ಸು ತಿಳಿಯಾಗಿರುವಾಗ, ಮಗುವೂ ಹಿರಿಯರೂ ಕುಳಿತು ಎಷ್ಟು ವರ್ಷ, ಎಷ್ಟು ಹಣ, ಬಾರದಿದ್ದರೆ ಮುಂದೇನು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ತಿಪಟೂರಿನ ತಂದೆಮಗಳು ಅಂದು ನಮ್ಮ ಮುಂದೆಯೇ "ಒಂದೇ ವರ್ಷ" ಎಂದು ಬರೆದು ಇಬ್ಬರೂ ಸಹಿ ಹಾಕಿದರು. ವರ್ಷದ ನಡುವೆ ಮಗು ಊಟ ಬಿಟ್ಟರೆ, ನಿದ್ರೆ ಬಿಟ್ಟರೆ, ಮಾತು ಬಿಟ್ಟರೆ ಅದನ್ನು ಓದಿನ ಏಕಾಗ್ರತೆಯೆಂದು ಹೊಗಳಬೇಡಿ. ಹತ್ತಿರ ಕುಳಿತು ಕೇಳಿ. ಕೇಳಲು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿಯು 14416ರಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತದೆ.

2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷಗಳಿದ್ದುವು. ಭೌತಶಾಸ್ತ್ರವು ಆ ವರ್ಷ ಬಹು ಕಠಿನವಾಗಿತ್ತೆಂದು ಓದಿದವರೆಲ್ಲರೂ ಹೇಳಿದರು. ನಮ್ಮ ಹುಡುಗಿಗೆ ಜೀವಶಾಸ್ತ್ರದಲ್ಲಿ 264, ರಸಾಯನಶಾಸ್ತ್ರದಲ್ಲಿ 96 ಬಂದುವು. ಸೊನ್ನೆಗಿಂತ ಕೆಳಗಿದ್ದ ಭೌತಶಾಸ್ತ್ರದಲ್ಲಿ 66. ಒಟ್ಟು 426. ಸರ್ಕಾರಿ ವೈದ್ಯಕೀಯ ಕಾಲೇಜಿನ ಸೀಟು ಅವಳವರೆಗೆ ಬರಲಿಲ್ಲ. ಆಯುರ್ವೇದದ ಸರ್ಕಾರಿ ಸೀಟು ಬಂದಿತು.

ತಂದೆಯು ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ಅವರ ಮುಖದಲ್ಲಿ ಉತ್ಸಾಹವಿತ್ತು. "ಒಂದು ವರ್ಷಕ್ಕೆ ಇಷ್ಟು ಏರಿದಳಲ್ಲ ಮೇಷ್ಟ್ರೇ, ಇನ್ನೊಂದು ವರ್ಷ ಕೊಟ್ಟರೆ ಬಂದೇಬಿಡುತ್ತದೆ. ತೋಟವಂತೂ ಇದ್ದೇ ಇದೆ" ಎಂದರು. ನಾವು ಉತ್ತರ ಕೊಡುವಷ್ಟರಲ್ಲಿ ಮಗಳು, "ಬೇಡಪ್ಪ, ಸಹಿ ಹಾಕಿದ್ದೇವಲ್ಲ" ಎಂದಳು. ಹೇಳುವಾಗ ತಲೆ ಬಗ್ಗಿಸಿರಲಿಲ್ಲ. ಅವಳ ನಿರ್ಧಾರವು ಸರಿಯೋ ಅಲ್ಲವೋ ಎಂದು ನಾವು ಈಗಲೂ ಒಮ್ಮೊಮ್ಮೆ ಯೋಚಿಸುವುದುಂಟು; ಆದರೆ ನಿರ್ಧಾರವು ಅವಳದು.

ಆಯುರ್ವೇದ ಕಾಲೇಜಿಗೆ ಹೊರಡುವ ಮುನ್ನ ಅವಳು ಆ ಗೆರೆ ಎಳೆದ ನೋಟುಬುಕ್ಕನ್ನು ಪಕ್ಕದ ಬೀದಿಯಲ್ಲಿ ಪಿ.ಯು.ಸಿ. ಮೊದಲನೆಯ ವರ್ಷಕ್ಕೆ ಸೇರಿದ ಹುಡುಗಿಯೊಬ್ಬಳಿಗೆ ಕೊಟ್ಟಳು. ಹೋದ ಸಲ ನಾವು ಆ ಊರಿಗೆ ಹೋಗಿದ್ದಾಗ ನೋಡಿದೆವು: ಇನ್ನೂರು ಪುಟ ತುಂಬಿ, ಹಿಂದೆ ಇನ್ನೊಂದು ನೋಟುಬುಕ್ಕನ್ನು ದಾರದಿಂದ ಹೊಲಿದಿದ್ದರು.